ಆಕಳನ್ನು ದೂರುವ ಮೊದಲು ಹೋರಿಯನ್ನು ನೋಡಿರಿ



ಆಕಳು ಎರಡು ಮೂರು ಸಲ ಬೆದೆ ತಿರುಗಿದರೆ “ಇದರ ತಳಿಯೇ ಸರಿಯಿಲ್ಲ” ಎಂದು ಸಂತೆಗೆ ಹೊಡೆಯುವ ರೂಢಿ ನಮ್ಮಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಈ ತೀರ್ಮಾನ ಬಹುಮಟ್ಟಿಗೆ ತಪ್ಪು. ಎರಡು ಕರುಗಳ ನಡುವಿನ ಅಂತರ ಆಕಳಿನಿಂದ ಆಕಳಿಗೆ ಬೇರೆಯಾಗುತ್ತದೆ. ಆ ವ್ಯತ್ಯಾಸವನ್ನು ನೂರು ಪಾಲೆಂದು ಎಣಿಸಿದರೆ, ವಂಶದಿಂದ ಬರುವುದು ಸಾಮಾನ್ಯವಾಗಿ 5ರಿಂದ 10 ಪಾಲು ಮಾತ್ರ. ಉಳಿದದ್ದೆಲ್ಲ ಮೇವು, ಆರೈಕೆ, ರೋಗ ಮತ್ತು ಬೆದೆಯನ್ನು ಸಕಾಲಕ್ಕೆ ಗುರುತಿಸುವುದನ್ನು ಅವಲಂಬಿಸಿದೆ.

ಧುಪದಾಳದ ಸುತ್ತಲಿನ ಮೇವನ್ನೇ ನೋಡಿರಿ. 1897ರಲ್ಲಿ ಘಟಪ್ರಭೆಗೆ ಇಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಟಾವಿನ ತಿಂಗಳುಗಳಲ್ಲಿ ಎಷ್ಟೋ ದನಗಳಿಗೆ ಹಸಿ ಸೋಗೆಯೇ ಹೊಟ್ಟೆಪಾಡು. ಸೋಗೆಯಲ್ಲಿ ಸಸಾರಜನಕವೂ ರಂಜಕವೂ ಕಡಿಮೆ. ಅದರಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಇಂಥ ಮೇವಿನ ಮೇಲೆ ಯಾವ ಉತ್ತಮ ತಳಿಯ ಆಕಳೂ ಸರಿಯಾಗಿ ಗಬ್ಬ ನಿಲ್ಲಲಾರದು. ಸೋಗೆಯನ್ನು ಕಡಿಮೆ ಮಾಡಿ, ಕುದುರೆ ಮಸಾಲೆ ಇಲ್ಲವೆ ಅಲಸಂದೆ ಮೇವನ್ನು ಬೆರೆಸಿರಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿರಿ. ಮಾರುವ ವಿಚಾರ ಆಮೇಲೆ.

ಹಾಗಾದರೆ ತಳಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದನ್ನು ಹೋರಿಯಲ್ಲಿ ಹುಡುಕಬೇಕು. ನಮ್ಮ ಓಂಗೋಲ್ ದನಗಳಿಂದ ಬೆಳೆದುಬಂದ ನೆಲ್ಲೋರ್ ತಳಿಯನ್ನು ಬ್ರೆಜಿಲ್ ದೇಶದವರು ಮಾಂಸಕ್ಕಾಗಿ ಸಾಕುತ್ತಾರೆ. ಅಲ್ಲಿ ಎಳೆಯ ಹೋರಿಗಳ ಬೀಜದ ಚೀಲದ ಸುತ್ತಳತೆಯನ್ನು ಟೇಪು ಹಿಡಿದು ಅಳೆಯುತ್ತಾರೆ. ಈ ಗುಣದ ವ್ಯತ್ಯಾಸದಲ್ಲಿ ಸುಮಾರು 40 ಪಾಲು ವಂಶದಿಂದಲೇ ಬರುತ್ತದೆ. ಅಷ್ಟೇ ಅಲ್ಲ, ಸುತ್ತಳತೆ ಹೆಚ್ಚಿರುವ ಹೋರಿಯ ಹೆಣ್ಣುಗರುಗಳು ಬೇಗ ಬೆದೆಗೆ ಬರುವ ಸಂಭವ ಹೆಚ್ಚು. ನಾವು ದನ ಸಾಕುವುದು ಉಳುಮೆಗೆ, ಹಾಲಿಗೆ. ಆದರೂ ಈ ಅಳತೆ ನಮಗೂ ಉಪಯುಕ್ತ. ಖಿಲಾರಿಯನ್ನು ನೆಲ್ಲೋರಿಗೆ ಹೋಲಿಸುವುದು ಬೇಡ. ಒಂದೇ ವಯಸ್ಸಿನ, ಒಂದೇ ತಳಿಯ ಹೋರಿಗಳನ್ನು ತಮ್ಮತಮ್ಮಲ್ಲಿ ಹೋಲಿಸಿದರೆ ಸಾಕು.

ನಾವು ಮಾಡುವುದಾದರೂ ಏನು? ಜಾತ್ರೆಯಲ್ಲಿ ಕೋಡು, ಬಣ್ಣ, ನಡಿಗೆ ನೋಡುತ್ತೇವೆ. ತಾಯಿ ಎಷ್ಟನೇ ವರ್ಷಕ್ಕೆ ಮೊದಲ ಕರು ಹಾಕಿತೆಂದು ಕೇಳುವವರು ಅಪರೂಪ. ಇನ್ನೂ ಕೆಟ್ಟದ್ದೆಂದರೆ, ಚುರುಕಾದ ಗಂಡುಗರುವಿಗೇ ಮೊದಲು ಬೀಜ ಒಡೆಸಿ ಎತ್ತು ಮಾಡುತ್ತೇವೆ. ಅದರ ವಂಶ ಅಲ್ಲಿಗೆ ಮುಗಿಯಿತು. ಊರಿನ ಆಕಳುಗಳಿಗೆ ಉಳಿದ ಹೋರಿಯೇ ಗತಿ. ಊರಿಗೆ ಒಂದೆರಡಾದರೂ ಒಳ್ಳೆಯ ಕರುಗಳನ್ನು ಬೀಜಕ್ಕೆಂದು ಉಳಿಸುವ ಕೆಲಸವನ್ನು ನಾಲ್ಕು ಮನೆಯವರು ಸೇರಿ ಮಾಡಬಹುದು. ಖರ್ಚೂ ಹಂಚಿಹೋಗುತ್ತದೆ.

ಹೋರಿ ಎಷ್ಟೇ ಒಳ್ಳೆಯದಿರಲಿ, ಅದರ ಮಗಳು ಬೆದೆಗೆ ಬರುವ ಮೊದಲು ಅದನ್ನು ಬೇರೆ ಊರಿಗೆ ಬದಲಾಯಿಸಿರಿ. ತಂದೆ ಮಗಳ ಕೂಡಿಕೆಯಿಂದ ಹುಟ್ಟಿದ ಸಂತಾನದಲ್ಲಿ ಗಬ್ಬ ನಿಲ್ಲುವ ಶಕ್ತಿಯೇ ಮೊದಲು ಕುಗ್ಗುತ್ತದೆ. ಕೃತಕ ಗರ್ಭಧಾರಣೆ ಮಾಡಿಸುವವರು ಪ್ರತಿ ಸಲ ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಕೇಳಿ, ತಾರೀಖಿನೊಡನೆ ಬರೆದಿಡಬೇಕು. ಮೂರು ವರ್ಷದ ನಂತರ ಮಗಳಿಗೆ ಅದೇ ಸಂಖ್ಯೆಯ ನಳಿಕೆ ಬಂದರೆ ಬೇಡವೆನ್ನಲು ಆ ಚೀಟಿಯೇ ಬೇಕಾಗುತ್ತದೆ.