ಹಗಲಿನ ಕರೆಂಟು ಹಗಲಿಗೇ ಖರ್ಚಾಗಲಿ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಇದು ನೆತ್ತಿಯ ಮೇಲೆ ಬಿಸಿಲಿರುವಾಗಿನ ಲೆಕ್ಕ. ರಾತ್ರಿ ಎಂಟಕ್ಕೆ ಊರೂರಲ್ಲಿ ದೀಪ, ಫ್ಯಾನು, ಟಿ.ವಿ. ಒಟ್ಟಿಗೆ ಓಡುವಾಗ ಅಲ್ಲಿಂದ ಬರುವುದು ಸೊನ್ನೆ. ಗ್ರಿಡ್‌ನದು ಒಂದೇ ಹಟ: ಆಯಾ ಕ್ಷಣದ ಬಳಕೆಗೆ ಆಯಾ ಕ್ಷಣದ ಉತ್ಪಾದನೆ ಸರಿಹೊಂದಲೇಬೇಕು, ತಪ್ಪಿದರೆ 50 ಹರ್ಟ್ಸ್ ಆವರ್ತನ ಅಲುಗಾಡುತ್ತದೆ. ಹಗಲಿನ ವಿದ್ಯುತ್ತನ್ನು ಕೂಡಿಟ್ಟು ಸಂಜೆಗೆ ಕೊಡಬೇಕೆಂಬುದೇ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಕೊಡುತ್ತಿರುವ ಸಮರ್ಥನೆ. ಸಂಗ್ರಹ ಬೇಕು, ಒಪ್ಪೋಣ. ಎಷ್ಟು ಬೇಕೆಂದು ತಿಳಿಯುವ ಮೊದಲೇ ಸುರಂಗ ಕೊರೆಯಲು ಹೊರಟಿರುವುದಕ್ಕೆ ನನ್ನ ತಕರಾರು.

ಈ ಯೋಜನೆಯ ತತ್ವ ಶಾಲೆಯ ಭೌತಶಾಸ್ತ್ರದ್ದು. ಮಿಕ್ಕ ಕರೆಂಟಿನಲ್ಲಿ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಕಾದಾಗ ಅದನ್ನೇ ಇಳಿಸಿ ಟರ್ಬೈನ್ ತಿರುಗಿಸುವುದು. ಎರಡರ ನಡುವಿನ ಎತ್ತರ ಸುಮಾರು 450 ಮೀಟರ್. ಸಾವಿರ ಲೀಟರ್ ನೀರು, ಅಂದರೆ ಮನೆಯ ಮಾಳಿಗೆಯ ಒಂದು ಸಿಂಟೆಕ್ಸ್ ಟ್ಯಾಂಕಿನಷ್ಟು, ಅಷ್ಟು ಎತ್ತರದಿಂದ ಇಳಿದರೆ ಲೆಕ್ಕದ ಪ್ರಕಾರ ಸಿಗುವುದು ಒಂದೂಕಾಲು ಯೂನಿಟ್. ಘರ್ಷಣೆ ಮತ್ತು ಯಂತ್ರಗಳ ನಷ್ಟ ಕಳೆದರೆ ಕೈಗೆ ಬರುವುದು ಒಂದು ಯೂನಿಟ್, ಮೇಲೆ ಚೂರುಪಾರು. ಎತ್ತುವಾಗಲೂ ನಷ್ಟ ಇದ್ದದ್ದೇ. ಹೀಗಾಗಿ ಇಂಥ ಸ್ಥಾವರಕ್ಕೆ 100 ಯೂನಿಟ್ ಸುರಿದರೆ ವಾಪಸ್ ಬರುವುದು 75ರಿಂದ 80. ವಿದ್ಯುತ್ ಯೋಜನೆ ಎಂದು ಕರೆಸಿಕೊಂಡರೂ ಒಟ್ಟು ಲೆಕ್ಕದಲ್ಲಿ ಇದು ವಿದ್ಯುತ್ ತಿನ್ನುವ ಯೋಜನೆಯೇ. ತಿಂದದ್ದಕ್ಕೆ ಪ್ರತಿಯಾಗಿ ಕರೆಂಟಿನ ಹೊತ್ತು ಬದಲಿಸಿಕೊಡುತ್ತದೆ, ಅಷ್ಟೆ.

ಕರೆಂಟಿನ ಹೊತ್ತು ಬದಲಿಸುವುದಕ್ಕಿಂತ ಬಳಕೆಯ ಹೊತ್ತು ಬದಲಿಸುವುದು ಅಗ್ಗ. ಅದರಲ್ಲಿ ಈ ನಷ್ಟವೇ ಇಲ್ಲ. ರಾಜ್ಯದ ವಿದ್ಯುತ್ತಿನ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಕೃಷಿ ಪಂಪ್‌ಸೆಟ್‌ಗಳು ಬಳಸುತ್ತವೆ. ಅವುಗಳಿಗೆ ತ್ರೀ ಫೇಸ್ ಬರುವುದು ಪಾಳಿಯ ಮೇಲೆ, ಅನೇಕ ಊರುಗಳಲ್ಲಿ ರಾತ್ರಿ ಪಾಳಿಯೂ ಉಂಟು. ಮಧ್ಯಾಹ್ನ ಸೌರ ವಿದ್ಯುತ್ತಿಗೆ ಗಿರಾಕಿ ಇಲ್ಲವೆಂದು ಕೊರಗುವ ರಾಜ್ಯದಲ್ಲೇ ರೈತ ನಡುರಾತ್ರಿ ಟಾರ್ಚ್ ಹಿಡಿದು, ಹಾವು–ಕರಡಿಯ ಭಯದಲ್ಲಿ ಮೋಟಾರ್ ಹಾಕಲು ಹೋಗುತ್ತಾನೆ. ಬೆಳೆಗೆ ನೀರು ಹಗಲು ಕೊಟ್ಟರೂ ಆಗುತ್ತದೆ, ಕೃಷಿ ಹೊಂಡಕ್ಕೆ ಎತ್ತಿಟ್ಟುಕೊಂಡರೂ ಆಗುತ್ತದೆ. ಕೇಂದ್ರದ ಕುಸುಮ್ ಯೋಜನೆಯಲ್ಲಿರುವಂತೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರಫಲಕ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಜೋಡಿಸಿದರೆ ದೂರದ ತಂತಿಗಳ ಮೇಲಿನ ಹೊರೆಯೂ ಇಳಿಯುತ್ತದೆ. ಹಗಲು ಕರೆಂಟು ಕೊಟ್ಟರೆ ಅಂತರ್ಜಲ ಬರಿದಾಗುತ್ತದೆ ಎನ್ನುವವರಿದ್ದಾರೆ. ಕೊಡುವ ಗಂಟೆಗಳು ಅಷ್ಟೇ ಇದ್ದರೆ ಕೊಳವೆಬಾವಿಗೆ ಹಗಲೇನು, ರಾತ್ರಿಯೇನು?

ಸಂಜೆಯ ದೀಪವನ್ನು ಮಧ್ಯಾಹ್ನಕ್ಕೆ ಸರಿಸಲಾಗದು ಎಂಬ ಆಕ್ಷೇಪ ಮಾತ್ರ ತೂಕದ್ದು. ಆದರೆ ಶರಾವತಿಯಲ್ಲಿ ಈಗಾಗಲೇ 1,035 ಮೆಗಾವಾಟಿನ ಜಲವಿದ್ಯುದಾಗಾರವಿದೆ. ಪಂಪ್‌ಸೆಟ್‌ಗಳು ಬಿಸಿಲಿಗೆ ಬಂದಷ್ಟೂ ರಾತ್ರಿಯ ಹೊರೆ ಇಳಿದು ಅದಕ್ಕೆ ನೀರೊದಗಿಸುವ ಲಿಂಗನಮಕ್ಕಿ ಜಲಾಶಯದ ನೀರು ಸಂಜೆಗೆ ಉಳಿಯುತ್ತದೆ; ಕೆಳಗಿಳಿಯದ ನೀರನ್ನು ಮೇಲೆತ್ತುವ ಖರ್ಚಿಲ್ಲ. ಆ ಆಗಾರ ತನ್ನ ಸಾಮರ್ಥ್ಯ ಮೀರಿ ಕೊಡಲಾರದು ನಿಜ. ಮೇಲಿನ ಕೊರತೆಗೆ ಬ್ಯಾಟರಿ ಇದೆ. ಪಂಪ್ಡ್ ಸ್ಟೋರೇಜ್‌ನಷ್ಟು ಬಾಳಿಕೆ ಅದಕ್ಕಿಲ್ಲ, ಆದರೆ ಬೆಲೆ ಇಳಿಯುತ್ತಿದೆ, ಪಾವಗಡದ ಬಯಲಲ್ಲೇ ಇಡಬಹುದು. ನೀರೆತ್ತಿಯೇ ಕೂಡಿಡಬೇಕೆಂದರೂ ಬೇಕಾದದ್ದು ಎತ್ತರ ಮತ್ತು ಎರಡು ಕೆರೆ. ಆಂಧ್ರದ ನಂದ್ಯಾಲ ಜಿಲ್ಲೆಯ ಪಿನ್ನಾಪುರಂನಲ್ಲಿ ನದಿಯಿಂದ ದೂರವೇ ಅಂಥದ್ದನ್ನು ಕಟ್ಟಿದ್ದಾರೆ. ಶರಾವತಿಯಲ್ಲಿ ಹೊಸ ಅಣೆಕಟ್ಟು ಬೇಕಿಲ್ಲ, ಹೊಸದಾಗಿ ಮುಳುಗಡೆಯಾಗುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೂ ಸುರಂಗಕ್ಕೆ, ರಸ್ತೆಗೆ 50 ಹೆಕ್ಟೇರಿಗೂ ಹೆಚ್ಚು ಅರಣ್ಯ ಬೇಕು, ಅದೂ ಸಿಂಗಳೀಕಗಳ ಅಭಯಾರಣ್ಯದಲ್ಲಿ.

ರಾತ್ರಿ ಪಾಳಿಯ ಫೀಡರ್‌ಗಳೆಲ್ಲ ಹಗಲಿಗೆ ಬಂದ ಮೇಲೆ ಸಂಜೆಗೆ ಎಷ್ಟು ಮೆಗಾವಾಟ್ ಕೊರತೆ ಉಳಿಯುತ್ತದೆ ಎಂಬ ಲೆಕ್ಕವನ್ನು ಇಂಧನ ಇಲಾಖೆ ಮೊದಲು ಜನರ ಮುಂದಿಡಲಿ. ಅಲ್ಲಿಯವರೆಗೆ ಶರಾವತಿ ಕಣಿವೆಯ ಒಂದು ಮರಕ್ಕೂ ಕೊಡಲಿ ಬೀಳಕೂಡದು.