ಶವರ್ ನೀರಿನಿಂದ ನ್ಯುಮೋನಿಯಾ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

'ಶವರ್‌ನ ತೂತುಗಳ ಸುತ್ತ ಕಾಣುವ ಬಿಳಿ ಪದರವೇ ಬ್ಯಾಕ್ಟೀರಿಯಾ, ಆ ನೀರಲ್ಲಿ ಸ್ನಾನ ಮಾಡಿದರೆ ಶ್ವಾಸಕೋಶ ಹಾಳು' ಎಂಬ ಧಾಟಿಯ ಸಂದೇಶ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ತಪ್ಪು. ಉಳಿದರ್ಧವನ್ನು ನಕ್ಕು ಬಿಡುವಂತಿಲ್ಲ.

ಆ ಬಿಳಿ ಪದರ ಬ್ಯಾಕ್ಟೀರಿಯಾ ಅಲ್ಲ, ಸುಣ್ಣದಂಥ ಲವಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಬಹಳಷ್ಟು ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ. ಆ ಗಡಸು ನೀರು ಆರಿದ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀಗೆ ಅಂಟಿಕೊಳ್ಳುತ್ತವೆ. ಅದರಿಂದಲೇ ರೋಗ ಬರುವುದಿಲ್ಲ. ಆದರೆ ಆ ಒರಟು ಪದರದ ಸಂದಿಗಳಲ್ಲಿ, ಪೈಪಿನ ಒಳಗೋಡೆಯಲ್ಲಿ ತೆಳ್ಳನೆಯ ಲೋಳೆಯೊಂದು ಬೆಳೆಯುತ್ತದೆ. ಇದೇ ಬಯೋಫಿಲ್ಮ್, ಸೂಕ್ಷ್ಮಾಣುಗಳ ಮನೆ. 2009ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಅವರ ತಂಡ ಒಂಬತ್ತು ನಗರಗಳ ಸುಮಾರು 50 ಶವರ್‌ಗಳನ್ನು ಪರೀಕ್ಷಿಸಿದಾಗ, ಶೇ 30ರಷ್ಟರಲ್ಲಿ ಮೈಕೋಬ್ಯಾಕ್ಟೀರಿಯಂ ಏವಿಯಂ ಎಂಬ ಸೂಕ್ಷ್ಮಾಣು ಗಣನೀಯವಾಗಿ ಸಿಕ್ಕಿತು. ಆರೋಗ್ಯವಂತರಿಗೆ ಇದು ಸಾಮಾನ್ಯವಾಗಿ ಏನೂ ಮಾಡದು. ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಎಚ್ಚರದಿಂದಿರಬೇಕು.

ಹೆಚ್ಚು ಯೋಚಿಸಬೇಕಾದದ್ದು ಲೀಜನೆಲ್ಲಾ ಬಗ್ಗೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಹೋಗಿದ್ದವರು ಒಬ್ಬರ ಹಿಂದೊಬ್ಬರು ನ್ಯುಮೋನಿಯಾದಿಂದ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು ಮರುವರ್ಷದ ಜನವರಿಯಲ್ಲಿ. ಹೆಸರು ಬಂದದ್ದೂ ಆ ಸಂಘದಿಂದಲೇ. ಕಾಲರಾ, ಟೈಫಾಯ್ಡ್‌ನಂತೆ ಇದು ಹೊಟ್ಟೆಯ ಮೂಲಕ ಬರುವ ರೋಗವಲ್ಲ. ನೀರಿನ ಅತಿ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದಾಗ ಬರುತ್ತದೆ. ಶವರ್ ಅಂಥ ಹನಿಗಳನ್ನು ಎಬ್ಬಿಸುತ್ತದೆ. ಕಟ್ಟಡಗಳ ಕೇಂದ್ರೀಕೃತ ಎಸಿಯ ಕೂಲಿಂಗ್ ಟವರ್‌ಗಳು ಇನ್ನೂ ಹೆಚ್ಚು ಎಬ್ಬಿಸುತ್ತವೆ.

ಲೀಜನೆಲ್ಲಾ ಬೆಳೆಯಲು ನಿಂತ ನೀರು ಬೇಕು, 25ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ತಾಪ ಬೇಕು, ಕ್ಲೋರಿನ್ ಇರಬಾರದು. ನಮ್ಮ ಕಡೆ ಮೂರೂ ಸಲೀಸು. ಕಾವೇರಿ ನೀರು ಕ್ಲೋರಿನ್ ಸೇರಿಯೇ ಬರುತ್ತದೆ. ಬೋರ್‌ವೆಲ್ ನೀರಿಗೆ ಯಾರಾದರೂ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ನಿಜ. ಆದರೆ ಆ ನೀರೂ ಟ್ಯಾಂಕರ್ ನೀರಿನ ಜೊತೆ ಒಂದೇ ಸಂಪಿಗೆ ಬಿದ್ದರೆ ಅದರಲ್ಲಿದ್ದ ಕ್ಲೋರಿನ್ ಬೇಗ ಖರ್ಚಾಗಿಬಿಡುತ್ತದೆ. ದಸರಾ ರಜೆಗೆ ಊರಿಗೆ ಹೋದ ಟೆಕ್ಕಿಯ ಪಿಜಿ ರೂಮಿನಲ್ಲಿ ವಾರಗಟ್ಟಲೆ ನಲ್ಲಿ ತಿರುಗಿಸುವವರಿಲ್ಲ. ಇನ್ನು ಸೋಲಾರ್ ಹೀಟರ್. ಬೇಸಿಗೆಯಲ್ಲಿ ಕೈ ಸುಡುವ ನೀರು ಕೊಡುವ ಅದೇ ಟ್ಯಾಂಕ್, ಜುಲೈ-ಆಗಸ್ಟ್‌ನ ಮೋಡದ ದಿನಗಳಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡಬಹುದು. ಅಜ್ಜಿಯ ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುವ ಹಂತಕ್ಕೆ ಬರುತ್ತಿತ್ತು, ಆಮೇಲೆ ತಣ್ಣೀರು ಬೆರೆಸಿ ಚೊಂಬಿನಲ್ಲಿ ಸುರಿದುಕೊಳ್ಳುತ್ತಿದ್ದರು. ಈ ವಿಷಯದಲ್ಲಿ ಆ ಪದ್ಧತಿಯೇ ವಾಸಿ ಎನಿಸುತ್ತದೆ!

ಹಾಗಂತ ಶವರ್ ಕಿತ್ತೆಸೆಯಬೇಕಿಲ್ಲ. ಗೀಸರನ್ನು 60 ಡಿಗ್ರಿಗೆ ಇಟ್ಟು, ನಲ್ಲಿಯಲ್ಲಿ ತಣ್ಣೀರು ಬೆರೆಸಿಕೊಳ್ಳಿ (ಮಕ್ಕಳಿದ್ದರೆ ಜೋಪಾನ, ಆ ಬಿಸಿ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ). ಮೋಡದ ದಿನಗಳಲ್ಲಿ ಸೋಲಾರ್‌ನ ವಿದ್ಯುತ್ ಕಾಯಿಲ್ ಹಾಕಿ. ವಾರ ಬಿಟ್ಟು ಮನೆಗೆ ಬಂದಾಗ ಕಿಟಕಿ ತೆರೆದು, ನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ನೀವು ಹೊರಗೆ ನಿಲ್ಲಿ. ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕಬಹುದು. ಶವರ್ ಹೆಡ್ಡನ್ನೂ, 2024ರ ನೀರಿನ ಬರದಲ್ಲಿ ಜಲಮಂಡಳಿ ಹೇಳಿ ಹಾಕಿಸಿದ ಏರೇಟರನ್ನೂ ಆಗಾಗ ಬಿಚ್ಚಿ, ರಾತ್ರಿ ವಿನೆಗರ್‌ನಲ್ಲಿ ನೆನೆಸಿಟ್ಟು ಉಜ್ಜಿ. ನೀರು ಮೃದುಗೊಳಿಸುವ ಸಾಫ್ಟ್‌ನರ್ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ, ಅಡುಗೆಮನೆಯ ಆರ್‌ಓ ಬಚ್ಚಲಿಗೆ ತಲುಪುವುದಿಲ್ಲ. ಅಸೋಸಿಯೇಷನ್ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೇಲಿನ ಮಹಡಿಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ? ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅದನ್ನು ಅಳೆಯುವ ಕಿಟ್ ದುಬಾರಿಯೇನಲ್ಲ.

50 ದಾಟಿದವರು, ಸಿಗರೇಟ್ ಸೇದುವವರು, ಸಕ್ಕರೆ ಕಾಯಿಲೆಯವರು, ಅಸ್ತಮಾದಂಥ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ಸೋಂಕು ತಗುಲಿ 2ರಿಂದ 14 ದಿನಗಳಲ್ಲಿ ಜ್ವರ, ಕೆಮ್ಮು, ಉಸಿರಾಟದ ಕಷ್ಟ, ಕೆಲವರಿಗೆ ಭೇದಿ, ಗೊಂದಲದ ಮಾತು ಕಾಣಿಸಿಕೊಳ್ಳಬಹುದು. ಅಂಥವರನ್ನು ವೈದ್ಯರ ಬಳಿ ಕರೆದೊಯ್ದಾಗ ಬೀಗ ಹಾಕಿದ್ದ ಮನೆಗೆ ವಾಪಸಾದದ್ದು, ಹೋಟೆಲ್‌ನಲ್ಲಿ ತಂಗಿದ್ದು ಎಲ್ಲವನ್ನೂ ಹೇಳಿ. ಮೂತ್ರದಿಂದಲೇ ಇದನ್ನು ಪತ್ತೆಹಚ್ಚುವ ಪರೀಕ್ಷೆ ಇದೆ, ಆದರೆ ಅನುಮಾನ ಬಂದರಷ್ಟೇ ಬರೆದುಕೊಡುತ್ತಾರೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಅಜಿತ್ರೋಮೈಸಿನ್ ಅಥವಾ ಲಿವೊಫ್ಲಾಕ್ಸಸಿನ್ ಬೇಕಾಗುತ್ತದೆ, ಯಾವುದು ಎಂದು ವೈದ್ಯರೇ ನಿರ್ಧರಿಸಬೇಕು.