ವಿಮಾನ ಕಟ್ಟುವುದು ಬೇರೆ, ಸಾಕುವುದು ಬೇರೆ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ವಿಮಾನ ಕಟ್ಟಿ ನೋಡು ಎಂದು ಅವರು ಹೇಳಲಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಆ ಮಾತನ್ನೂ ಸೇರಿಸಲು ಹೊರಟಿದ್ದಾನೆ. ನಾಲ್ಕು ಆಸನಗಳ ವಿಮಾನದ ಕಿಟ್ ತರಿಸಿ, ಮನೆಯ ಗ್ಯಾರೇಜಿನಲ್ಲಿಯೇ ಜೋಡಿಸಿ, ಹೆಂಡತಿ ಮಕ್ಕಳೊಡನೆ ಹಾರಬೇಕೆಂಬುದು ಅವನ ಆಸೆ. ಸುದ್ದಿ ಹೊಸಪೇಟೆ ಮುಟ್ಟಿದ ಮೇಲೆ ಅವನ ಬಂಧುಗಳಲ್ಲಿ ಎರಡು ಪಂಗಡಗಳಾಗಿವೆ. ಒಂದು ಪಂಗಡ 'ಹುಚ್ಚು' ಎನ್ನುತ್ತದೆ. ಇನ್ನೊಂದು 'ನಮ್ಮ ಹುಡುಗ ವಿಮಾನದ ಯಜಮಾನನಾಗುತ್ತಾನೆ' ಎಂದು ಬೀಗುತ್ತದೆ. ನನ್ನ ಅಭಿಪ್ರಾಯವನ್ನು ಇಬ್ಬರೂ ಕೇಳಿದ್ದಾರೆ. ಇಬ್ಬರದೂ ತಪ್ಪು ಎಂಬುದೇ ನನ್ನ ಅಭಿಪ್ರಾಯ.

ಮೊದಲು ನಗುವವರಿಗೆ ಉತ್ತರ ಹೇಳುತ್ತೇನೆ. ಸಂಡೂರಿನ ಗುಡ್ಡಗಳು ಅದಿರಾಗಿ ಲಾರಿ ಹತ್ತುತ್ತಿದ್ದ ಕಾಲದಲ್ಲಿ ನಮ್ಮ ಸೀಮೆಯ ಗಣಿ ಧಣಿಗಳು ಹೆಲಿಕಾಪ್ಟರುಗಳಲ್ಲಿ ಓಡಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವವರೆಗೂ ಆ ಸದ್ದು ಕೇಳುತ್ತಲೇ ಇತ್ತು. ಅದನ್ನು ಕತ್ತೆತ್ತಿ ಬೆರಗಿನಿಂದ ನೋಡಿದ ಜನ ನಾವು. ಕೊಂಡು ಹಾರಿದರೆ ವೈಭವ, ಕೈಯಾರೆ ಕಟ್ಟಿ ಹಾರಿದರೆ ಹುಚ್ಚು! ಇದು ಯಾವ ನ್ಯಾಯ? ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಹೆಸರಿನ 'ವೈಮಾನಿಕ ಶಾಸ್ತ್ರ'ದಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿಯೇ ಪರಿಶೀಲಿಸಿ ಬರೆದರು. ಆದರೂ ಇಂದಿಗೂ ವೇದಿಕೆಗಳ ಮೇಲೆ ಅದರ ಹೊಗಳಿಕೆ ನಿಂತಿಲ್ಲ. ಅದೇ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ಎರಡು ಆಸನಗಳ 'ಎಕ್ಸ್-ಏರ್' ವಿಮಾನಗಳ ಕಿಟ್‌ಗಳನ್ನು ತಯಾರಿಸಿ ಬ್ರಿಟನ್ನಿಗೂ ಫ್ರಾನ್ಸಿಗೂ ಕಳುಹಿಸಿತು. ಅಲ್ಲಿಯ ಜನ ಅವನ್ನು ತಮ್ಮ ಕೊಟ್ಟಿಗೆಗಳಲ್ಲಿ ಜೋಡಿಸಿ ಹಾರಿಸಿದರು. ಅದರ ಒಂದು ಮಾದರಿಯ ಹೆಸರು 'ಹನುಮಾನ್'. ಅಂಜನಾದ್ರಿಯನ್ನು ದಿನವೂ ನೋಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಹಾರದ ವಿಮಾನಕ್ಕೆ ಹಾರ ಹಾಕಿ, ಹಾರಿದ ವಿಮಾನವನ್ನು ಮರೆತವರು ಆ ಹುಡುಗನನ್ನು ನೋಡಿ ನಗುವುದು ತರವಲ್ಲ.

ಇನ್ನು ಬೀಗುವವರ ಸರದಿ. ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ. ಅವನು ಆರಿಸಿರುವ ವ್ಯಾನ್ಸ್ ಸಂಸ್ಥೆಯ ಆರ್‌ವಿ-10 ವಿಮಾನವನ್ನು ಜೋಡಿಸಲು ಸುಮಾರು 2,000 ಗಂಟೆಗಳ ದುಡಿಮೆ ಬೇಕು. ನೌಕರಿಯ ನಡುವೆ ವಾರಕ್ಕೆ 15 ಗಂಟೆ ಎಂದರೂ ಎರಡೂವರೆ ವರ್ಷ. ಆ ಸಂಸ್ಥೆ ಹೆಸರುವಾಸಿಯಾದುದೇ. ಆದರೂ 2023ರ ಡಿಸೆಂಬರಿನಲ್ಲಿ ಅದು ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು; ಮುಂಗಡ ಕೊಟ್ಟು ಕಾದಿದ್ದ ಗಿರಾಕಿಗಳು ಏರಿದ ಬೆಲೆಗೆ ಒಪ್ಪಬೇಕಾಯಿತು. ಮರುವರ್ಷ ಸಂಸ್ಥೆ ಚೇತರಿಸಿಕೊಂಡಿತು, ನಿಜ. ಆದರೆ ವಿಮಾನ ಸಿದ್ಧವಾದ ಮೇಲೂ ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ತಪಾಸಣೆ ಇವುಗಳಿಗೆ ಕೊನೆಯಿಲ್ಲ.

ಯಜಮಾನಿಕೆ ಎಂದರೆ ಕಾಯುವ ಕೆಲಸ. ಇದಕ್ಕೆ ನಮ್ಮ ಜಲಾಶಯಕ್ಕಿಂತ ಬೇರೆ ಪಾಠ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಚೈನು ತುಂಡಾಯಿತು; ಗೇಟು ಕೊಚ್ಚಿಹೋಯಿತು. ಏಳು ದಶಕ ನಿಂತ ಅಣೆಕಟ್ಟನ್ನು ಒಂದು ಕೊಂಡಿ ನಡುಗಿಸಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ್ದನ್ನು ನಾವೆಲ್ಲ ಕಂಡೆವು. ಕೈಕೆಲಸ ಬಲ್ಲವರ ಬೆಲೆಯೂ ಅಂದು ತಿಳಿಯಿತು, ಕಣ್ಣು ತಪ್ಪಿದ ಕೊಂಡಿಯ ಬೆಲೆಯೂ ತಿಳಿಯಿತು. ನದಿಯ ಗೇಟಿಗೆ ಒಂದು ವಾರದ ಕಾಲಾವಕಾಶ ಸಿಕ್ಕಿತು. ಆಕಾಶದಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ.

ಅಂಕಿಗಳನ್ನೂ ನೋಡೋಣ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿಯ ಖಾಸಗಿ ಸಣ್ಣ ವಿಮಾನಗಳ ಬಳಗದಲ್ಲಿ ಹವ್ಯಾಸಿಗಳು ಕಟ್ಟಿದವು ಶೇಕಡ 10ರಷ್ಟು ಮಾತ್ರ. ಆದರೆ 2011ರ ಮಾರಕ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡ 21. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಸತ್ತದ್ದು ಇಂತಹುದೇ ಒಂದು 'ಲಾಂಗ್-ಇಝಡ್' ವಿಮಾನದಲ್ಲಿ. ಅದನ್ನು ಬೇರೊಬ್ಬರು ಕಟ್ಟಿದ್ದರು, ಆತ ಆಗಷ್ಟೇ ಕೊಂಡಿದ್ದ. ಇಂಧನದ ಟ್ಯಾಂಕು ಬದಲಿಸುವ ಹಿಡಿಕೆಯನ್ನು ಕಟ್ಟಿದವರು ಮೂಲ ವಿನ್ಯಾಸದಲ್ಲಿದ್ದ ಸ್ಥಳದಲ್ಲಿಡದೆ ಹಾರಿಸುವವನ ಎಡಭುಜದ ಹಿಂದೆ ಇಟ್ಟಿದ್ದರು. ವಿನ್ಯಾಸದ ದೋಷವೆನ್ನುವಂತಿಲ್ಲ. ನಮ್ಮ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಅದೇ ವಿನ್ಯಾಸವನ್ನು ಆಧರಿಸಿ ಕಟ್ಟಿದ ವಿಮಾನ 1987ರಲ್ಲಿ ಬೆಂಗಳೂರಿನಲ್ಲಿ ಹಾರಿತ್ತು. ಒಂದೇ ನಕ್ಷೆ, ಆದರೆ ಕಟ್ಟಿದ ಕೈ ಬೇರೆ, ಪರೀಕ್ಷಿಸಿದ ಶಿಸ್ತು ಬೇರೆ.

ಆದುದರಿಂದ ನನ್ನ ತಕರಾರು ವಿಮಾನದ ಮೇಲಲ್ಲ, 'ಕುಟುಂಬದ ವಿಮಾನ' ಎಂಬ ಮಾತಿನ ಮೇಲೆ. ಅಪ್ಪ ತನ್ನ ಪ್ರಾಣವನ್ನು ಪಣಕ್ಕಿಡಬಹುದು; ಅದು ಅವನ ತೀರ್ಮಾನ. ಎಂಟು ವರ್ಷದ ಮಗುವಿನ ಒಪ್ಪಿಗೆಯನ್ನು ಯಾರು ಕೇಳಿದರು? ಅಪ್ಪ ಕರೆದರೆ ಮಗು ನಂಬಿ ಹತ್ತುತ್ತದೆ. ಆ ನಂಬಿಕೆ ಒಪ್ಪಿಗೆಯಲ್ಲ. ಹಂಪಿ, ಆನೆಗೊಂದಿ, ಕಂಪ್ಲಿಗಳ ಅಂಬಿಗರನ್ನು ಕೇಳಿರಿ: ಹೊಸದಾಗಿ ಹೆಣೆದ ಹರಿಗೋಲು ಸೋರುವುದೋ ಇಲ್ಲವೋ ಎಂದು ನೋಡದೆ ಯಾರಾದರೂ ಜನರನ್ನು ಹತ್ತಿಸುತ್ತಾರೆಯೆ? ಅಮೆರಿಕದ ಕಾನೂನೂ ಇದನ್ನೇ ಹೇಳುತ್ತದೆ. ಮೊದಲ 25ರಿಂದ 40 ಗಂಟೆಗಳ ಪರೀಕ್ಷಾ ಹಾರಾಟದಲ್ಲಿ ಪ್ರಯಾಣಿಕರು ಕೂರುವಂತಿಲ್ಲ. ನನ್ನ ಮಟ್ಟಿಗೆ ಅದೂ ಸಾಲದು.

'ಊರಿಗೇ ತಂದು ಹಾರಿಸಲಿ' ಎನ್ನುವವರಿಗೊಂದು ಮಾತು. ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ವಿಮಾನವನ್ನು 2016ರಲ್ಲಿ ಪ್ರದರ್ಶನಕ್ಕಿಟ್ಟರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ ಸಿಕ್ಕಿದ್ದು 2019ರಲ್ಲಿ. ನಮಗೆ ಸಮೀಪದ ವಿದ್ಯಾನಗರದ ನಿಲ್ದಾಣ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯದು, ಸಾರ್ವಜನಿಕ ಬಸ್ ನಿಲ್ದಾಣವಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಅವರ ಮೊದಲ ಟಪಾಲು ವಿಮಾನ ಮದ್ರಾಸಿಗೆ ಹೋದದ್ದು ಬಳ್ಳಾರಿಯ ಮಾರ್ಗವಾಗಿಯೇ ಎಂಬ ಹೆಮ್ಮೆ ನನಗೂ ಇದೆ. ಆದರೆ ಹೆಮ್ಮೆಯ ಮೇಲೆ ವಿಮಾನ ಇಳಿಯುವುದಿಲ್ಲ.

ಹಾಗಾದರೆ ಅವನು ಏನು ಮಾಡಬೇಕು? ಕಟ್ಟಲಿ, ಅವಶ್ಯವಾಗಿ ಕಟ್ಟಲಿ. ಮಕ್ಕಳು ರಿವೆಟ್ ಹೊಡೆಯಲು ಕಲಿಯಲಿ. ಹಾಳಾದ ರಿವೆಟನ್ನು ಕೊರೆದು ತೆಗೆಯುವುದನ್ನು ಅದಕ್ಕಿಂತ ಮೊದಲು ಕಲಿಯಲಿ. ಅದರಿಂದ ಬರುವ ವಿದ್ಯೆಯನ್ನು ಯಾವ ಶಾಲೆಯೂ ಕೊಡಲಾರದು. ಶಾಲೆಯಲ್ಲಿ ಆಯುಷ್ಯ ಸವೆಸಿದವನು ಈ ಮಾತು ಹೇಳುತ್ತಿದ್ದೇನೆ. ಆದರೆ ಒಬ್ಬನೇ ಯಜಮಾನನಾಗುವುದು ಬೇಡ. ನಾಲ್ಕಾರು ಗೆಳೆಯರು ಕೂಡಿ ಕಟ್ಟಿ, ಕೂಡಿ ಹೊಂದಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಲಿ. ಖರ್ಚು ಹಂಚಿಹೋಗುತ್ತದೆ. ಒಬ್ಬನ ಅಹಂಕಾರಕ್ಕೆ ಕಾಣದ ಬಿರುಕು ಮತ್ತೊಬ್ಬನ ಕಣ್ಣಿಗೆ ಬೀಳುತ್ತದೆ. ಮಕ್ಕಳು ಬೆಳೆದು, ತಾವು ಹತ್ತುತ್ತಿರುವುದು ಏನೆಂದು ಬಲ್ಲವರಾದ ಮೇಲೆ ಹತ್ತಲಿ. ಅಲ್ಲಿಯವರೆಗೆ ಅಜ್ಜಿಯನ್ನು ನೋಡಲು ಎಲ್ಲರಂತೆ ಟಿಕೆಟ್ ಕೊಂಡು ಬರಲಿ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ.